ಮನೆ ಬಿಟ್ಟು ವ್ಯಾನಿಗೆ ಹೊರಟಾಗ ಸಾಮಾನಿಗೆ ದಾರಿ ಹುಡುಕುವುದು ಹೇಗೆ

ವ್ಯಾನಿನಲ್ಲಿ ಇರಲು ಹೊರಟವರು ಅಟ್ಟ ಹತ್ತುವ ಮೊದಲು ಗಾಡಿ ತೂಗುವ ವೇಬ್ರಿಜ್‌ಗೆ ಹೋಗಿ ಬರಬೇಕು. ಯಾವುದು ಇರಲಿ, ಯಾವುದು ಬೇಡ ಎಂಬ ಮಾತು ಮನೆಯಲ್ಲಿ ಒಮ್ಮೆ ಎದ್ದಿತೆಂದರೆ ಬೇಗ ಬಗೆಹರಿಯುವುದಿಲ್ಲ. ಕೈಯಲ್ಲಿ ತೂಕದ ಚೀಟಿ ಇದ್ದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ನಮ್ಮ ಮನೆಯವರು ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಬ್ಬರೂ ನಿವೃತ್ತರಾದ ಮೇಲೆ ಧಾರವಾಡದ ಮಾಳಮಡ್ಡಿಯ ಮನೆಯನ್ನು ಬಾಡಿಗೆಗೆ ಕೊಟ್ಟು, ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಅದರಲ್ಲೇ ಇದ್ದುಕೊಂಡು ದೇಶ ತಿರುಗುತ್ತಿದ್ದೇವೆ. ಅತ್ತೆಯವರ ಕಾಲದ್ದು, ನನ್ನ ತವರಿನಿಂದ ಬಂದದ್ದು, ನಾವಿಬ್ಬರೂ ಕೊಂಡದ್ದು ಎಲ್ಲ ಸೇರಿ ಆ ಮನೆ ತುಂಬಿತ್ತು. ಅಷ್ಟು ಸಾಮಾನು ಎಲ್ಲಿ ಹಾಕಿದಿರಿ ಎಂದು ಕೇಳುವವರು ಬಹಳ ಜನ. ಹೊರಡುವ ಮನಸ್ಸಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ತೂಕ

ಗಾಡಿಯ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಎರಡು ತೂಕ ಬರೆದಿರುತ್ತದೆ. ಒಂದು ಖಾಲಿ ಗಾಡಿಯದು. ಇನ್ನೊಂದು ಜನ, ಸಾಮಾನು, ಡೀಸೆಲ್ ಎಲ್ಲ ಸೇರಿ ಗಾಡಿ ಮೀರಬಾರದ ತೂಕ. ಒಳಗೆ ಮಂಚ, ಕಪಾಟು, ಒಲೆಕಟ್ಟೆ ಕೂಡಿಸಿದ ಮೇಲೆ ಖಾಲಿ ತೂಕ ಆರ್‌ಸಿಯಲ್ಲಿದ್ದಷ್ಟೇ ಇರುವುದಿಲ್ಲ. 8×4 ಅಡಿಯ 19 ಮಿಲಿಮೀಟರ್ ಪ್ಲೈವುಡ್ ಹಾಳೆ ಒಂದೇ 35 ಕಿಲೊ ಹತ್ತಿರ ತೂಗುತ್ತದೆ. ಆದ್ದರಿಂದ ಬಡಿಗರ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಾ ಡೀಸೆಲ್ ಹಾಕಿಸಿ ತೂಗಿಸಬೇಕು. ಹುಬ್ಬಳ್ಳಿಯವರಿಗೆ ಅಮರಗೋಳದ ಎಪಿಎಂಸಿ ಕಡೆ ಹೋದರೆ ಕಾಳಿನ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತು ತೂಗಿಸಿಕೊಂಡು ಬರಬಹುದು. ಮೀರಬಾರದ ತೂಕದಲ್ಲಿ ಆ ಚೀಟಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ನಿಮ್ಮಿಬ್ಬರ ತೂಕ ಕಳೆಯಿರಿ. ನೀರಿನ ಟ್ಯಾಂಕು ಎಷ್ಟು ಲೀಟರಿನದೋ ಅಷ್ಟು ಕಿಲೊ ಕಳೆಯಿರಿ. ಗ್ಯಾಸು, ಸ್ಟೆಪ್ನಿ, ಜಾಕು, ಹತಾರಗಳು. ಆಮೇಲೆ ಉಳಿದದ್ದು ನಿಮ್ಮ ಸಂಸಾರದ ತೂಕ.

ಅದರಲ್ಲೂ ಕಾಲು ಭಾಗ ಬಿಟ್ಟೇ ತುಂಬಿರಿ. ನಮ್ಮ ಮನೆಯವರು ಹೇಳುವ ಕಾರಣ ಇದು: “ಘಟ್ಟ ಏರೂದು ಎಂಜಿನ್ ಕೆಲಸ, ಇಳಿಯೂದು ಬ್ರೇಕಿನ ಕೆಲಸ. ಭಾರ ಹೆಚ್ಚಾದ್ರ ಇಳಿಯೂ ಮುಂದ ಗೊತ್ತಾಗ್ತದ.” ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವವರಿಗೆ ಅರಬೈಲ್ ಘಟ್ಟ ಸಿಗುತ್ತದೆ, ಅಲ್ಲಿ ಬ್ರೇಕ್ ಕಾದ ವಾಸನೆ ಬರುವ ಲಾರಿಗಳನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಭಾರದ ಸಾಮಾನು ಕೆಳಗೆ, ಮುಂದಿನ ಹಿಂದಿನ ಗಾಲಿಗಳ ನಡುವೆ ಇರಲಿ. ಮೇಲಿನ ಕ್ಯಾರಿಯರ್ ನೋಡಿ ಆಸೆಪಡಬೇಡಿ.

ಸೀಟು ತೆಗೆದು ಮಂಚ ಕೂಡಿಸುವುದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೇ ಇದೆ. ಬಡಿಗರಿಗೆ ಮುಂಗಡ ಕೊಡುವ ಮೊದಲು ಅದನ್ನು ಮುಗಿಸಿಕೊಳ್ಳಿ.

ತೂಕ ಗೊತ್ತಾದ ಮೇಲೆ ಜಾಗ. ಗಾಡಿಯ ಒಳಗಿನ ಉದ್ದ ಅಗಲ ಅಳೆದು ಪಡಸಾಲೆಯ ನೆಲದ ಮೇಲೆ ರಂಗೋಲಿಯಲ್ಲಿ ಅಷ್ಟೇ ಚೌಕ ಹಾಕಿರಿ. ಮಂಚದ ಜಾಗ, ಒಲೆಯ ಜಾಗ, ಕಾಲಿಡುವ ಜಾಗ ಎಲ್ಲ ಗೆರೆ ಎಳೆಯಿರಿ. ಒಯ್ಯಬೇಕು ಅನ್ನಿಸಿದ್ದನ್ನೆಲ್ಲ ಆ ಗೆರೆಯ ಒಳಗೇ ಇಡಬೇಕು, ಇಬ್ಬರೂ ಅದರೊಳಗೇ ನಿಂತು ತಿರುಗಾಡಿ ನೋಡಬೇಕು. ಒಬ್ಬರು ಒಲೆ ಮುಂದೆ ನಿಂತಾಗ ಇನ್ನೊಬ್ಬರು ಹಿಂದೆ ದಾಟಲು ಆಗುತ್ತದೋ ಇಲ್ಲವೋ, ಅಲ್ಲೇ ತಿಳಿಯುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ತೂಗುವ ಕೊಕ್ಕೆ ಒಂದನ್ನು ಕೊಂಡಿಟ್ಟುಕೊಳ್ಳಿ. ಗೆರೆಯ ಒಳಗೆ ಹೋಗುವ ಪ್ರತಿ ಚೀಲವನ್ನೂ ಅದಕ್ಕೆ ತೂಗುಹಾಕಿ ಬರೆದಿಡಿ. ಗುಜರಿಯವರು ಬಂದಾಗಲೂ ಅದು ಕೆಲಸಕ್ಕೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ

ಗೆರೆಯ ಹೊರಗೆ ಉಳಿದದ್ದೇ ಬೆಟ್ಟದಷ್ಟು. ಅದರ ಮುಂದೆ ಕೂತು ‘ಇದು ನನಗೆ ಬೇಕಾ’ ಎಂದು ಕೇಳಿಕೊಂಡರೆ ಎಲ್ಲದಕ್ಕೂ ಬೇಕು ಎಂಬ ಉತ್ತರವೇ ಬರುತ್ತದೆ, ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಯಾರದೋ ಕೈ ಇರುತ್ತದೆ. ನಾನು ಕೇಳಿಕೊಂಡದ್ದು ಬೇರೆ: ಇದರ ಕೆಲಸ ಇನ್ನು ಯಾರ ಮನೆಯಲ್ಲಿ ನಡೆಯುತ್ತದೆ? ಹಂಡೆಯ ಕೆಲಸ ನೀರು ಕಾಯಿಸುವುದು. ಒಲೆ ಉರಿಯುವ ಬಚ್ಚಲು ಯಾರ ಮನೆಯಲ್ಲಿದೆಯೋ ಅದು ಹಂಡೆಯ ಮನೆ. ತೊಟ್ಟಿಲಿನ ಕೆಲಸ ಕೂಸನ್ನು ಮಲಗಿಸುವುದು. ಹೀಗೆ ಕೇಳತೊಡಗಿದರೆ ಹೆಸರುಗಳು ತಾವಾಗಿ ಹೊಳೆಯುತ್ತವೆ. ಕೊಡುವಾಗ ಕೈ ಹಿಂಜರಿಯುವುದೂ ಕಡಿಮೆಯಾಗುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಸಣ್ಣಪುಟ್ಟದ್ದರಿಂದ ಶುರು ಮಾಡಿ ಎನ್ನುವವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿ, ಹಳೇ ಚಪ್ಪಲಿ, ರಟ್ಟಿನ ಪೆಟ್ಟಿಗೆ ಇವನ್ನು ಕೊನೆಯ ವಾರದಲ್ಲೂ ಸಾಗಿಸಬಹುದು. ಭಾರದ್ದು, ಹಳೆಯದು, ಯಾರದೋ ಹೆಸರಿರುವುದು ಮೊದಲು. ಅವಕ್ಕೆ ಮನೆ ಸಿಗಲು ತಡವಾಗುತ್ತದೆ. ಊರಿಗೆ ಸುದ್ದಿ ಮುಟ್ಟಬೇಕು, ಅವರು ಮನೆಯಲ್ಲಿ ಕೇಳಿ ಹೇಳಬೇಕು, ಆ ಕಡೆ ಹೋಗುವ ಟೆಂಪೋ ಸಿಗಬೇಕು. ಧಾರವಾಡದ ಮಳೆ ಹಿಡಿದರೆ ಮರದ್ದು ಹೊರಗೆ ತೆಗೆಯುವಂತಿಲ್ಲ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ, ಮೇ ಮುಗಿಯುವುದರೊಳಗೆ ದೊಡ್ಡದ್ದೆಲ್ಲ ಹೊರಬಿದ್ದರೆ ನಿರಾಳ.

ಹಂಡೆ, ತಾಮ್ರ, ಹಿತ್ತಾಳೆ

ನಮ್ಮ ಬಚ್ಚಲಲ್ಲಿ ಒಲೆಯ ಮೇಲೆ ಕಟ್ಟಿದ ತಾಮ್ರದ ಹಂಡೆ ಇತ್ತು. ಮಾಳಿಗೆ ಮೇಲೆ ಸೋಲಾರ್ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಇಂಥದ್ದನ್ನು ಬಿಡಿಸುವಾಗ ಗೌಂಡಿಯನ್ನೇ ಕರೆಯಿರಿ. ಕಟ್ಟೆಯ ಇಟ್ಟಿಗೆಯನ್ನು ಸುತ್ತಲಿಂದ ಬಿಡಿಸುತ್ತಾ ಬರಬೇಕು. ಹಂಡೆಯ ಬಾಯಿಗೆ ಹಾರೆ ಕೊಟ್ಟು ಎತ್ತಿದರೆ ಅಂಚು ಸೊಟ್ಟಾಗಿ, ಮುಚ್ಚಳ ಕೂಡುವುದಿಲ್ಲ. ಹೊರಬಂದ ಮೇಲೆ ಹೊರಗಿನ ಮಸಿ ಕೆರೆದು, ಒಳಗೆ ಕೈಯಾಡಿಸಿ ನೋಡಿ. ಬೋರಿನ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಸುಣ್ಣದ ಹೊಪ್ಪಳಿಕೆ ದಪ್ಪಗೆ ಕೂತಿರುತ್ತದೆ. ಹುಣಸೆಹಣ್ಣಿನ ನೀರು ಅಥವಾ ವಿನೆಗರ್ ಹಾಕಿ ರಾತ್ರಿಯಿಡೀ ಬಿಟ್ಟರೆ ಆ ಸುಣ್ಣ ನೊರೆಗಟ್ಟಿ ಸಡಿಲಾಗುತ್ತದೆ, ಮರುದಿನ ಮರದ ಸೌಟಿನಿಂದ ಎಬ್ಬಿಸಬಹುದು. ಆಮೇಲೆ ನೀರು ತುಂಬಿ ಅರ್ಧ ದಿನ ಇಟ್ಟು ತಳ ಒಸರುತ್ತದೆಯೋ ನೋಡಿ. ಒಸರಿದರೆ ಅದು ತಾಮ್ರದ ತೂಕಕ್ಕೆ. ಒಸರದಿದ್ದರೆ ಇನ್ನೂ ಹಂಡೆಯೇ.

ನಮ್ಮದು ಒಸರಲಿಲ್ಲ. ನವಲಗುಂದ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಇವತ್ತಿಗೂ ಹತ್ತಿಕಟ್ಟಿಗೆಯಲ್ಲೇ ನೀರು ಕಾಯುತ್ತದೆ. ಫೋನು ಮಾಡಿದೆ. “ಹಂಡೆ ಕೊಡ್ತೀ ಅಂದ್ರ ಬಚ್ಚಲಾನ ಹೊಸಾದು ಕಟ್ಟಸ್ತೀವಿ ತಗೋ” ಅಂದರು ವೈನಿ. ಕಟ್ಟಿಸಿದರು ಕೂಡ.

ಮಾರುವುದೇ ಆದರೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಗುಡ್ಡೆ ಮಾಡಿ. ಕೂಡಿಸಿ ಕೊಟ್ಟರೆ ಅಗ್ಗದ್ದರ ರೇಟೇ ಎಲ್ಲದಕ್ಕೂ ಬೀಳುತ್ತದೆ. ಮರದ ಹಿಡಿ, ಕಬ್ಬಿಣದ ಕಡಗ ಬಿಚ್ಚಿಡಿ, ಅವುಗಳ ನೆಪದಲ್ಲಿ ತೂಕ ಮುರಿಯುತ್ತಾರೆ. ಹೊಸ ಪಾತ್ರೆ ಮಾರುವ ಅಂಗಡಿಗಳೂ ಹಳೇ ತಾಮ್ರ ಹಿತ್ತಾಳೆ ತೆಗೆದುಕೊಳ್ಳುತ್ತವೆ. ಹುಬ್ಬಳ್ಳಿ ಪೇಟೆಯಲ್ಲಿ ಎರಡು ಮೂರು ಕಡೆ ಆ ದಿನದ ರೇಟು ಕೇಳಿಕೊಂಡು, ಮನೆಯ ಕೊಕ್ಕೆಯಲ್ಲಿ ತೂಗಿಕೊಂಡು ಹೋಗಿ.

ಕೊಡುವ ಮೊದಲು ಪ್ರತಿ ಪಾತ್ರೆಯನ್ನೂ ಬೆಳಕಿಗೆ ಹಿಡಿದು ಓದಿರಿ. ನಮ್ಮ ಕಡೆ ಮದುವೆಯಲ್ಲಿ ಆಹೇರಿ ಕೊಟ್ಟವರು ಪಾತ್ರೆಯ ಮೇಲೆ ಹೆಸರು ಹಾಕಿಸಿಯೇ ಕೊಡುವುದು. ತಿಕ್ಕಿ ತಿಕ್ಕಿ ಅಕ್ಷರ ಸವೆದಿರುತ್ತದೆ. ಅದರ ಮೇಲೆ ಸ್ವಲ್ಪ ಅರಿಶಿನಪುಡಿ ಒರೆಸಿದರೆ ಚುಕ್ಕಿಗಳಲ್ಲಿ ಪುಡಿ ಕೂತು ಹೆಸರು ಕಾಣುತ್ತದೆ. ನಮ್ಮ ಅತ್ತೆಯವರ ಮದುವೆಗೆ ಗದಗಿನ ಅವರ ಸೋದರತ್ತೆ ಕೊಟ್ಟ ಹಿತ್ತಾಳೆ ಕೊಡ ಹೀಗೇ ಸಿಕ್ಕಿತು. ಅದನ್ನು ಆ ಸೋದರತ್ತೆಯ ಮೊಮ್ಮಗಳಿಗೆ ಕಳಿಸಿದೆವು. ಅವಳಿಗೆ ಅಜ್ಜಿಯ ಕೈಯದೆಂದು ಬೇರೆ ಏನೂ ಉಳಿದಿರಲಿಲ್ಲ. ಹೆಸರಿರುವ ಪಾತ್ರೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅನ್ನ ಬಸಿಯುವ, ಹುಗ್ಗಿ ಮಾಡುವ ದೊಡ್ಡ ಬೋಗುಣಿಗಳನ್ನು ಮಾತ್ರ ದಾಸೋಹ ನಡೆಯುವ ಮಠಕ್ಕೆ ಕೊಟ್ಟೆವು. ನಿಮ್ಮೂರ ಮಠದಲ್ಲಿ ಬೇಕೋ ಬೇಡವೋ ಮೊದಲು ಕೇಳಿಕೊಂಡು ಒಯ್ಯಿರಿ.

ತೊಟ್ಟಿಲು

ಧಾರವಾಡ ಜಿಲ್ಲೆಯ ಹಳೇ ಮನೆಗಳಲ್ಲಿ ಕಲಘಟಗಿಯ ತೊಟ್ಟಿಲು ಇದ್ದರೂ ಇರಬಹುದು. ಹಲಗೆ ಹಲಗೆಯ ಮೇಲೆ ಪುರಾಣದ ಚಿತ್ರ ಬರೆದು, ಅರಗಿನ ಹೊಳಪು ಕೊಟ್ಟಿರುತ್ತಾರೆ. ನಮ್ಮ ಅಟ್ಟದಲ್ಲಿ ಅಂಥದ್ದೊಂದು ಬಿಚ್ಚಿಟ್ಟಿತ್ತು. ಮನೆ ಖಾಲಿಯಾಗುತ್ತಿದೆ ಎಂಬ ಸುದ್ದಿ ಹೇಗೋ ಹಬ್ಬುತ್ತದೆ, ಹಳೇ ಮರದ ಸಾಮಾನು ಕೊಳ್ಳುವವರು ಬಾಗಿಲಿಗೆ ಬರುತ್ತಾರೆ. ಕಂಬ, ಬಾಗಿಲು, ತೊಟ್ಟಿಲು ನೋಡುತ್ತಲೇ ನಗದು ತೆಗೆದು ಎಣಿಸುತ್ತಾರೆ. ಬಾಗಿಲಲ್ಲಿ ನಿಂತು ಯಾವ ಬೆಲೆಗೂ ಹೂಂ ಅನ್ನಬೇಡಿ. ಮನೆಯ ಹಿರಿಯರನ್ನು, ಅಕ್ಕತಂಗಿಯರನ್ನು ಕೇಳಿ ಹೇಳುತ್ತೇವೆ ಎಂದು ಕಳಿಸಿ, ನಿಜವಾಗಿಯೂ ಕೇಳಿ.

ತೊಟ್ಟಿಲು ತೆಗೆದಾಗ ಒದ್ದೆ ಬಟ್ಟೆ ತಾಗಿಸಬೇಡಿ, ಪಾಲಿಶ್ ಹೊಡೆಸಬೇಡಿ. ಒಣಗಿದ ಮೆತ್ತನೆಯ ಹಳೇ ಧೋತರದಿಂದ ಧೂಳು ಒರೆಸಿದರೆ ಸಾಕು, ಬಣ್ಣ ಎದ್ದು ಕಾಣುತ್ತದೆ. ಕೊಂಡಿ, ಸರಪಳಿ, ಬೆಣೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ತೊಟ್ಟಿಲಿನ ಒಂದು ಕಾಲಿಗೇ ಕಟ್ಟಿರಿ. ಬೇರೆ ಪೆಟ್ಟಿಗೆಗೆ ಹೋದ ಬೆಣೆ ಮತ್ತೆ ಸಿಗುವುದಿಲ್ಲ. ಯಾವ ಹಲಗೆ ಯಾವ ಕಡೆ ಎಂಬುದನ್ನು ಕೂಡಿಸಿದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಮ್ಮದು ಈಗ ಹಾವೇರಿಯಲ್ಲಿ ತಂಗಿಯ ಮಗಳ ಮನೆಯಲ್ಲಿದೆ. ಕೊಡುವಾಗಲೇ ಹೇಳಿದೆ: “ಕೂಸು ನಡ್ಯಾಕ ಹತ್ತಿದ ಮ್ಯಾಲ ಇದು ನಿಮ್ಮನ್ಯಾಗ ಇರಂಗಿಲ್ಲವಾ, ಮುಂದಿನ ಮನಿಗೆ ಹೋಗಬೇಕು.” ಮುಂದಿನ ಮನೆ ಯಾವುದೆಂದು ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ. ಹೀಗೆ ಹೇಳಿ ಕೊಟ್ಟರೆ ತೊಟ್ಟಿಲು ಇನ್ನೊಂದು ಅಟ್ಟ ಸೇರುವುದಿಲ್ಲ.

ಸೀರೆಯಿಂದ ಕೌದಿ

ಬಟ್ಟೆಯ ವಿಷಯ ಹೆಣ್ಣುಮಕ್ಕಳಿಗೆ ಕಷ್ಟ ಎನ್ನುತ್ತಾರೆ. ನನಗೆ ಅದು ಎಲ್ಲಕ್ಕಿಂತ ಹಗುರವಾಯಿತು, ಯಾಕೆಂದರೆ ನಮ್ಮ ಕಡೆ ಹಳೇ ಸೀರೆಗೆ ಒಳ್ಳೆಯ ದಾರಿ ಮೊದಲೇ ಇದೆ. ಮೆತ್ತಗಾದ ನೂಲಿನ ಸೀರೆ, ಧೋತರಗಳನ್ನು ಆರಿಸಿ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೊಟ್ಟೆ. ಒಳಗೆ ಪದರ ಪದರವಾಗಿ ಹಳೆಯವು, ಮೇಲೆ ಬಣ್ಣ ಗಟ್ಟಿಯಿರುವ ತುಂಡುಗಳು. ಸಾಲು ಸಾಲು ಹೊಲಿಗೆ ಸುತ್ತಲಿಂದ ಶುರುವಾಗಿ ನಡುವಿಗೆ ಬರುತ್ತದೆ. ವ್ಯಾನಿಗೆಂದು ಹೇಳಿ ಹೊಲಿಸುವುದಾದರೆ ಪದರ ಕಡಿಮೆ ಇರಲಿ ಎಂದು ಮೊದಲೇ ಹೇಳಿ. ಮನೆಯ ಕೌದಿ ದಪ್ಪ. ತೊಳೆದರೆ ವ್ಯಾನಿನಲ್ಲಿ ಒಣಗಿಸುವುದು ಕಷ್ಟ. ಮಂಚದ ಅಳತೆಯನ್ನು ದಾರದಲ್ಲಿ ಅಳೆದು ಕೊಡಿ. ಒಂದು ಟ್ರಂಕು ತುಂಬಾ ಇದ್ದ ಸೀರೆ ಹೀಗೆ ಹಾಸಿಗೆಯ ಮೇಲಿನ ಎರಡು ಕೌದಿಯಾದವು. ನಮ್ಮ ಅವ್ವನ ಹಸಿರು ಸೀರೆಯ ತುಂಡು ತಲೆಯ ಕಡೆಗೆ ಬರಲಿ ಎಂದು ಹೇಳಿದ್ದೆ. ಹಾಗೇ ಇಟ್ಟುಕೊಟ್ಟಿದ್ದಾರೆ.

ಇಳಕಲ್ ಸೀರೆಗಳನ್ನು ಉಡುವವರಿಗೇ ಕೊಡಿ. ಇಡುವವರಿಗೆ ಕೊಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ಪಾಲಿಯೆಸ್ಟರ್, ಹಳೇ ಪ್ಯಾಂಟು ಶರಟುಗಳಿಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ. ನೀವು ಪಾತ್ರೆ ಕಡಿಮೆ ಮಾಡುತ್ತಿರುವವರು, ದುಡ್ಡನ್ನೇ ಕೇಳಿ. ನವಲಗುಂದದ ಜಮಖಾನೆ ಇದ್ದರೆ ಗಾಡಿಗೆ ಒಯ್ಯಿರಿ. ನೂಲಿನದು, ನೆಲಕ್ಕೂ ಆಗುತ್ತದೆ, ಮರದ ಕೆಳಗೆ ಊಟಕ್ಕೆ ಕೂಡಲೂ ಆಗುತ್ತದೆ, ಝಾಡಿಸಿದರೆ ಮಣ್ಣು ಉದುರುತ್ತದೆ.

ಪುಸ್ತಕ

ಧಾರವಾಡದ ಮನೆಯೆಂದ ಮೇಲೆ ಪುಸ್ತಕ ಇದ್ದೇ ಇರುತ್ತದೆ. ಡೆಮಿ ಆಕಾರದ 200 ಪುಟದ ಪುಸ್ತಕ ಕಾಲು ಕಿಲೊ ಹತ್ತಿರ ಬರುತ್ತದೆ; 40 ಪುಸ್ತಕಕ್ಕೆ 10 ಕಿಲೊ. ನಾವು ತಲಾ 5 ಕಿಲೊ ಎಂದು ಗೊತ್ತುಮಾಡಿಕೊಂಡೆವು. ಮತ್ತೆ ಮತ್ತೆ ತೆಗೆಯುವಂಥವು ಮಾತ್ರ. ಒಮ್ಮೆ ಓದಿ ಮುಗಿಯುವ ಪುಸ್ತಕ ದಾರಿಯಲ್ಲಿ ಸಿಗುತ್ತದೆ, ಓದಿ ಅಲ್ಲೇ ಕೊಟ್ಟು ಬರಬಹುದು.

ಉಳಿದವನ್ನು ಗ್ರಂಥಾಲಯಕ್ಕೆ ಕೊಡುವಾಗ ಟೆಂಪೋದಲ್ಲಿ ತುಂಬಿಕೊಂಡು ಹೋಗಿ ಬಾಗಿಲಲ್ಲಿ ಇಳಿಸುವುದು ಸರಿಯಲ್ಲ. ಅವರ ಬಳಿಯೂ ಕಪಾಟು ಇಷ್ಟೇ ಇರುತ್ತದೆ. ಲೇಖಕರ ಹೆಸರು, ಪುಸ್ತಕದ ಹೆಸರು, ಮುದ್ರಣದ ವರ್ಷ ಇಷ್ಟು ಬರೆದ ಪಟ್ಟಿ ಕೊಟ್ಟು, ಬೇಕಾದ್ದಕ್ಕೆ ಗುರುತು ಹಾಕಲು ಹೇಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳ ಪುಸ್ತಕ, ವಿಜ್ಞಾನದ ಪುಸ್ತಕ, ನಿಘಂಟು ಇದ್ದರೆ ಮೊದಲು ಅಲ್ಲಿ ಕೇಳಿ, ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದು ಕೂಡುವ ಜಾಗ ಅದು. ನನ್ನ ಭೂತಗನ್ನಡಿ, ಅಯಸ್ಕಾಂತ, ಗಾಜಿನ ಪಟ್ಟಕಗಳೂ ಅಂಥ ಒಂದು ಹಳ್ಳಿಗೇ ಹೋದವು. ಹಳೇ ಮಾಸಪತ್ರಿಕೆಗಳು ವರ್ಷ ವರ್ಷವಾಗಿ ಪೂರ್ತಿ ಇದ್ದರೆ ರದ್ದಿಗೆ ಹಾಕುವ ಮುಂಚೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ವಿಚಾರಿಸಿ, ಸಂಶೋಧನೆ ಮಾಡುವವರಿಗೆ ಬೇಕಾಗಬಹುದು. ಬಿಡಿ ಸಂಚಿಕೆಗಳು ರದ್ದಿಗೆ. ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಪ್ರಚಲಿತ ವಿದ್ಯಮಾನದ ಪುಸ್ತಕಗಳನ್ನು ಯಾರಿಗೂ ದಾನ ಮಾಡಬೇಡಿ. ಹಳೇ ಮಾಹಿತಿ ಓದಿದ ಹುಡುಗನಿಗೆ ನಷ್ಟ.

ಮಂಚ, ತಿಜೋರಿ, ಬ್ಯಾಟರಿ

ಸಪ್ತಾಪುರದ ಕಡೆ ಕೋಚಿಂಗಿಗೆಂದು ಊರೂರಿನಿಂದ ಬಂದ ಮಕ್ಕಳು ರೂಮು ಮಾಡಿಕೊಂಡಿರುತ್ತಾರೆ. ಓದುವ ಟೇಬಲ್ಲು, ಕುರ್ಚಿ, ಒಂಟಿ ಮಂಚ, ಟೇಬಲ್ ಫ್ಯಾನು ಅವರಿಗೆ ಬೇಕು. ಅಂಗಡಿಯವರಿಗೆ ಕೊಡುವುದಕ್ಕಿಂತ ಕಡಿಮೆ ಬೆಲೆಗೆ ಅವರಿಗೇ ಕೊಡಿ ಎಂಬುದು ನನ್ನ ಕೇಳಿಕೆ. ಹಳ್ಳಿಯ ತಂದೆತಾಯಿಗಳು ಎಷ್ಟು ಕಷ್ಟಪಟ್ಟು ದುಡ್ಡು ಕಳಿಸುತ್ತಾರೆ ಎಂಬುದನ್ನು ಶಾಲೆಯಲ್ಲಿ ಇದ್ದಷ್ಟು ಕಾಲವೂ ನೋಡಿದ್ದೇನೆ. ಒಂದು ಪಿಜಿಯ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರೆ ಸಂಜೆಯೊಳಗೆ ಬಂದು ಹೊತ್ತುಕೊಂಡು ಹೋಗುತ್ತಾರೆ.

ಕಬ್ಬಿಣದ ತಿಜೋರಿಗೆ (ಬೀರುವಿಗೆ) ಮದುವೆಯ ದಿನಗಳಲ್ಲಿ ಗಿರಾಕಿ ಬರುತ್ತದೆ. ಕೊಡುವ ಮುನ್ನ ಒಳಗಿನ ಲಾಕರ್ ಪೂರ್ತಿ ಎಳೆದು, ಅದರ ಹಿಂದೆ, ಕೆಳಗಿನ ಗುಪ್ತ ಖಾನೆಯಲ್ಲಿ ಕೈಹಾಕಿ ನೋಡಿ. ಹಳೇ ಠೇವಣಿ ರಸೀದಿ, ಮೂಗುತಿ, ಜಾತಕ ಇರುವ ಜಾಗ ಅದೇ.

ಫ್ರಿಜ್ಜು, ವಾಷಿಂಗ್ ಮಷಿನ್, ಟಿವಿ ಬಗ್ಗೆ ಹೆಚ್ಚು ಯೋಚಿಸಬೇಡಿ. ಯಾರು ಮೊದಲು ಕೇಳುತ್ತಾರೋ ಅವರಿಗೆ. ಇನ್ವರ್ಟರಿನ ಬ್ಯಾಟರಿ ಮಾತ್ರ ತಳ್ಳುಗಾಡಿಯ ಗುಜರಿಯವರಿಗೆ ಹಾಕಬೇಡಿ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೊಗಿಂತ ಹೆಚ್ಚು ತೂಗುತ್ತದೆ, ಅದರೊಳಗೆ ಸೀಸವೂ ಗಂಧಕಾಮ್ಲವೂ ಇರುತ್ತದೆ. ಎಲ್ಲೋ ಬಯಲಲ್ಲಿ ಒಡೆದು ಆಮ್ಲ ಚೆಲ್ಲಿದರೆ ಆ ಮಣ್ಣು ಕೆಟ್ಟಿತು, ಒಡೆದವನ ಕೈ ಶ್ವಾಸಕೋಶವೂ ಕೆಟ್ಟಿತು. ಬ್ಯಾಟರಿ ಮಾರುವ ಅಂಗಡಿಯವರೇ ಹಳೆಯದನ್ನು ಹಣ ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಾರೆ. ವ್ಯಾನಿಗೆ ಬೇಕಾದ ಬ್ಯಾಟರಿ ಕೊಳ್ಳುವಾಗಲೇ ಕೊಟ್ಟುಬಿಡಿ, ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ.

ಗ್ಯಾಸ್ ಕನೆಕ್ಷನ್ ಕೂಡ ಹೀಗೆ ವಾಪಸ್ ಕೊಡುವ ಸಾಮಾನೇ. ಸಿಲಿಂಡರು, ರೆಗ್ಯುಲೇಟರು, ಹಿಂದೆ ಕೊಟ್ಟ ವೋಚರ್ ಒಯ್ದು ಏಜೆನ್ಸಿಯಲ್ಲಿ ಸರೆಂಡರ್ ಮಾಡಿದರೆ ಅದರಲ್ಲಿ ಬರೆದ ಠೇವಣಿ ವಾಪಸ್ ಬರುತ್ತದೆ. ಅವರು ಕೊಡುವ ಟರ್ಮಿನೇಷನ್ ವೋಚರ್ ಜೋಪಾನ, ಮುಂದೆ ಎಲ್ಲಾದರೂ ಮತ್ತೆ ಕನೆಕ್ಷನ್ ತೆಗೆದುಕೊಳ್ಳುವಾಗ ಬೇಕಾಗುತ್ತದೆ. 14.2 ಕಿಲೊದ ಮನೆ ಸಿಲಿಂಡರನ್ನು ವ್ಯಾನಿಗೆ ಹಾಕಬೇಡಿ. 5 ಕಿಲೊದ ಸಣ್ಣದು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಬೇರೆ ಊರಲ್ಲಿ ಅದೇ ಕಂಪನಿಯವರಲ್ಲಿ ತುಂಬಿದ್ದಕ್ಕೆ ಬದಲಾಯಿಸಿಕೊಳ್ಳಬಹುದು.

ಅಡುಗೆಗೆ ನಾನು ಒಯ್ದದ್ದು ಸ್ವಲ್ಪವೇ: ಒಂದರೊಳಗೊಂದು ಕೂಡುವ ಬೋಗುಣಿಗಳು, 3 ಲೀಟರಿನ ಕುಕ್ಕರು, ಒಂದು ಪರಾತ, ತಾಟು ವಾಟಗಾ ಎರಡೆರಡು, ಕಬ್ಬಿಣದ ಹಂಚು. ಹಂಚಿನ ತೂಕ ನೋಡಿ ನಮ್ಮ ಮನೆಯವರು ಹುಬ್ಬೇರಿಸಿದರು. ಬಿಸಿ ರೊಟ್ಟಿ ಇಲ್ಲದೆ ವರ್ಷಗಟ್ಟಲೆ ಇರಲು ನಾನು ತಯಾರಿರಲಿಲ್ಲ, ಅವರೂ ಇರಲಿಲ್ಲ. ಹಿಟ್ಟು ನಾದಲು ಕೊಣಮಿಗೆ ಬೇಕಿಲ್ಲ, ಪರಾತ ಸಾಕು. ಜೋಳದ ಹಿಟ್ಟು ಸಿಗದ ಸೀಮೆಗೆ ಹೋಗುವಾಗ ಖಡಕ್ ರೊಟ್ಟಿಯ ಕಟ್ಟು, ಶೇಂಗಾ, ಅಗಸಿ, ಗುರೆಳ್ಳು ಪುಡಿ ಇದ್ದರೆ ಒಲೆ ಹಚ್ಚದೆಯೂ ಊಟ ಆಗುತ್ತದೆ.

ಯಾರ ಅಟ್ಟಕ್ಕೂ ಬೇಡ

ಉಳಿದದ್ದನ್ನು ಮೈದುನನ ಮನೆಯಲ್ಲಿ, ಮಗಳ ಮನೆಯಲ್ಲಿ ಇಟ್ಟುಹೋಗೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಬೇಡ ಎನ್ನುವ ಧೈರ್ಯ ಅವರಿಗೆ ಬರುವುದಿಲ್ಲ. ನಿಮ್ಮ ಗಾದಿಯ ಮೇಲೆ ಅವರ ಸಾಮಾನು ಕೂಡುತ್ತದೆ. ಮಳೆಗಾಲದಲ್ಲಿ ಹಸಿ ಹಿಡಿದು, ಗೆದ್ದಲು ಹತ್ತಿ, ಕೊನೆಗೆ ಎಸೆಯುವ ಕೆಲಸ ಅವರಿಗೆ ಬೀಳುತ್ತದೆ. ಕೊಡುವುದಾದರೆ ಪೂರ್ತಿ ಕೊಟ್ಟುಬಿಡಿ, ‘ನಮ್ಮದು, ನಿಮ್ಮಲ್ಲಿರಲಿ’ ಎಂಬುದು ಬೇಡ. ಮನೆ ಬಾಡಿಗೆಗೆ ಕೊಟ್ಟು ಒಂದು ಕೋಣೆಗೆ ಬೀಗ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಗಾಳಿಯಾಡದ ಕೋಣೆ ಇಡೀ ಮನೆಯನ್ನು ಕೆಡಿಸುತ್ತದೆ, ಬಾಡಿಗೆಯವರಿಗೂ ಇರಸುಮುರಸು.

ನಾವು ಯಾರಿಗೂ ಕೊಡದೆ ಇಟ್ಟುಕೊಂಡದ್ದು ಒಂದೇ ಸ್ಟೀಲ್ ಟ್ರಂಕು. ಅದರಲ್ಲಿ ಏನೇನಿದೆ ಎಂಬ ಪಟ್ಟಿ ಮುಚ್ಚಳದ ಒಳಗೆ ಅಂಟಿಸಿದೆ, ಅದರ ಫೋಟೋ ಮೊಬೈಲಿನಲ್ಲಿದೆ. ಒಳಗೆ ಬಜೆಯ ತುಂಡು, ಒಣಗಿದ ಬೇವಿನ ಎಲೆ. ಮದುವೆಯ ಸೀರೆ, ಮಕ್ಕಳ ಮೊದಲ ಅಂಗಿ, ಮಾವನವರ ಪತ್ರಗಳು, ಆಲ್ಬಮ್ಮಿನಿಂದ ಬಿಡಿಸಿದ ಆಯ್ದ ಫೋಟೋಗಳು. ಆಲ್ಬಮ್ಮುಗಳು ಬಹಳ ತೂಕ. ಫೋಟೋ ಸ್ಕ್ಯಾನ್ ಮಾಡಿಸಿ ಎಲ್ಲ ಅಕ್ಕತಂಗಿಯರಿಗೆ ಹಂಚಿದರೆ ಒಬ್ಬರ ಮೊಬೈಲ್ ಹೋದರೂ ಇನ್ನೊಬ್ಬರಲ್ಲಿ ಇರುತ್ತದೆ. ದೇವರ ಜಗಲಿಯ ಮೂರ್ತಿಗಳು ಹಿರಿಯ ಭಾವನವರ ಮನೆಗೆ ಹೋದವು, ಪೂಜೆ ನಿಲ್ಲಬಾರದು. ಗಾಡಿಯಲ್ಲಿ ಒಂದು ಸಣ್ಣ ದೀಪ ಇದೆ. ಗಾಜಿನ ಕಟ್ಟು ಹಾಕಿದ ದೇವರ ಪಟಗಳನ್ನು ಮರದ ಬುಡದಲ್ಲಿ ಇಟ್ಟುಬರುವ ರೂಢಿ ಬಿಡಬೇಕು. ಆಡುವ ಮಕ್ಕಳ ಕಾಲಿಗೆ ಆ ಗಾಜೇ ಚುಚ್ಚುತ್ತದೆ. ಗಾಜು, ಕಟ್ಟು, ಚಿತ್ರ ಬೇರೆ ಮಾಡಿ, ಚಿತ್ರವನ್ನು ಪೂಜೆ ಮಾಡುವವರಿಗೆ ಕೊಡಿ.

ಕಾಗದಪತ್ರಗಳಿಗೆ ವ್ಯಾನು ಸರಿಯಾದ ಜಾಗವಲ್ಲ. ಖರೀದಿ ಪತ್ರ, ಹೊಲದ ಹಳೇ ಉತಾರ, ಮಾರ್ಕ್ಸ್ ಕಾರ್ಡುಗಳ ಮೂಲಪ್ರತಿ ಬ್ಯಾಂಕ್ ಲಾಕರಿಗೆ. ಲಾಕರಿನ ನಾಮಿನಿ ಹೆಸರು ಸರಿಯಿದೆಯೋ ನೋಡಿಕೊಳ್ಳಿ. ಲೈಸೆನ್ಸ್, ಆರ್‌ಸಿ ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ. ಪೆನ್ಷನ್ ಬರುವವರು ಆಧಾರಿಗೆ ಜೋಡಿಸಿದ ಮೊಬೈಲ್ ನಂಬರನ್ನು ಬದಲಿಸಬೇಡಿ. ಬದುಕಿದ್ದೇವೆ ಎಂದು ತೋರಿಸುವ ಜೀವನ್ ಪ್ರಮಾಣವನ್ನು ಊರಿಗೆ ಬರದೆ ಫೋನಿನಲ್ಲೇ ಮಾಡಬಹುದು.

ಕೊನೆಯ ವಾರಕ್ಕೆ ಬಕೆಟ್ಟು, ಚರಗಿ, ಕಸಬರಿಗೆ, ಹಗ್ಗ, ಒಂದು ಚಾಪೆ ಇಷ್ಟು ಮನೆಯಲ್ಲಿ ಉಳಿಯಲಿ. ಡಬ್ಬಿಗಳಲ್ಲಿ ಉಳಿದ ಜೋಳ, ಅಕ್ಕಿ, ಬೇಳೆ ಹುಳ ಹಿಡಿಯುವ ಮೊದಲೇ ಮಠದ ದಾಸೋಹಕ್ಕೆ ಹೋಗಲಿ. ಬ್ಯಾಡಗಿ ಮೆಣಸಿನ ಖಾರಪುಡಿ ಮಾತ್ರ ಗಾಡಿಗೆ. ಉಪ್ಪಿನಕಾಯಿಯ ಭರಣಿಗಳನ್ನು ಓಣಿಯವರಿಗೆ ಭರಣಿ ಸಮೇತ ಕೊಡಿ. ವಾಪಸ್ ಬೇಡ ಎಂದು ಕೊಡುವಾಗಲೇ ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಬರಿಗೈಯಲ್ಲಿ ಪಾತ್ರೆ ಮರಳಿಸಬಾರದೆಂದು ತೊಳೆದು, ಅದರ ತುಂಬಾ ಸಕ್ಕರೆ ಹಾಕಿ, ನೀವು ಹೊರಡುವ ಮುಂಜಾನೆ ಗಾಡಿಯ ಬಾಗಿಲಿಗೇ ತಂದುಕೊಡುತ್ತಾರೆ.